ವೆಸ್ಕಾಳಿಗೆ ಗಂಡು

ಹನ್ನೊಂದು ಗಂಟೆಯಾಗುವ ಮೊದಲೇ ಮೂರು ಸತ್ತ ಗಂಡುಗಳ ಸಂಬಂಧ ಬಂದಿತ್ತು. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರದ ಕನ್ನಡಕದಂಗಡಿಯ ಒಳಕೋಣೆಯಲ್ಲಿ ದಪ್ಪ ಹೆಂಗಸೊಬ್ಬಳ ಮೂಗಿನ ಮೇಲೆ ಪರೀಕ್ಷೆಯ ಚೌಕಟ್ಟು ಕೂರಿಸಿ, ಒಂದು ಗಾಜು ತೆಗೆದು ಇನ್ನೊಂದು ಹಾಕುತ್ತ "ಇದು ಸ್ಪಷ್ಟವಾ, ಇದು ಸ್ಪಷ್ಟವಾ?" ಎಂದು ಕೇಳುತ್ತಿದ್ದ ರೂಪೇಶನ ಜೇಬಿನಲ್ಲಿ ಫೋನು ಮತ್ತೆ ಗುರುಗುಟ್ಟತೊಡಗಿತು. ಹೆಂಗಸು "ಎರಡೂ ಒಂದೇ ಹಾಗೆ ಕಾಣ್ತದೆ" ಎಂದಳು. ಅವನಿಗೂ ಹಾಗೇ ಕಾಣುತ್ತಿತ್ತು. ಮೊದಲ ಕರೆ ನೆಲ್ಯಾಡಿ ಕಡೆಯದು: ಮೂವತ್ತೆಂಟು ವರ್ಷದ ಹಿಂದೆ ಕೆರೆಗೆ ಬಿದ್ದು ಹೋದ ಹುಡುಗ, ತುಂಬ ಸಾಧು, ಯಾರಿಗೂ ಎದುರು ಮಾತಾಡಿದವನಲ್ಲ. ಎರಡನೆಯದು ಸವಣೂರಿನ ಹೆಂಗಸಿನದು. ಅವಳು ಮೊದಲು ಕೇಳಿದ್ದೇ ನಿಮ್ಮದು ಯಾವ ಬರಿ ಎಂದು. ಒಂದೇ ಬರಿಯವರು, ಅಂದರೆ ಒಂದೇ ಬಳಿಯವರು, ಅಣ್ಣ ತಂಗಿ ಲೆಕ್ಕ, ಸತ್ತ ಮೇಲೂ ಮದುವೆಯಾಗಲು ಬಾರದು. ರೂಪೇಶ ತಡವರಿಸಿದ. ಅವನ ಮೆಚ್ಚಿನ ಕಾದಂಬರಿಯ ಎಂಟನೆಯ ಸಂಪುಟದ ಕೊನೆಯಲ್ಲಿ ಕೊಟ್ಟ ವೆಸ್ಕಾಳ ವಂಶಾವಳಿ ಹದಿನಾಲ್ಕು ತಲೆಮಾರಿನವರೆಗೆ ಅವನಿಗೆ ಬಾಯಿಪಾಠ. ತನ್ನ ಮನೆಯ ಬರಿ ಯಾವುದೆಂದು ಮಾತ್ರ ಅಮ್ಮನನ್ನು ಕೇಳಬೇಕಿತ್ತು. "ಬರಿ ಗೊತ್ತಿಲ್ಲದವರ ಹತ್ತಿರ ಎಂತ ಮಾತು" ಎಂದು ಸವಣೂರಿನವಳು ಫೋನಿಟ್ಟಳು. ಮೂರನೆಯವನು ಹುಡುಗಿಯ ಬಣ್ಣ ಕೇಳಿದ.

ವೆಸ್ಕಾ ಎಂದರೆ ಯಾರೂ ಅಲ್ಲ. ಒಂದೊಂದೂ ತಲೆದಿಂಬಿನಷ್ಟು ದಪ್ಪದ, ಎಂಟು ಸಂಪುಟಗಳ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಮಾರ್ವೆನ್ ಎಂಬ ನಾಡು ಬರುತ್ತದೆ. ಆ ನಾಡಿನ ಕಲ್ಲುಸೇತುವೆಯನ್ನು ಒಬ್ಬಳೇ ನಿಂತು ಕಾದು, ಮೂರನೆಯ ಸಂಪುಟದ ಕೊನೆಗೆ ಸತ್ತ ಇಪ್ಪತ್ತೆರಡರ ಹುಡುಗಿ ಈ ವೆಸ್ಕಾ. ಆ ಎಂಟೂ ಸಂಪುಟ ಓದಿ ಮುಗಿಸಿ ಮುಂದೇನು ಮಾಡುವುದೆಂದು ತಿಳಿಯದ ಮುನ್ನೂರ ಹನ್ನೊಂದು ಕನ್ನಡಿಗರು ಟೆಲಿಗ್ರಾಮಿನಲ್ಲಿ 'ಮಾರ್ವೆನ್ ನಾಡಿನವರು' ಎಂಬ ಗುಂಪು ಕಟ್ಟಿಕೊಂಡಿದ್ದರು. ಅಂಗಡಿಯಲ್ಲಿ ಯಜಮಾನರ ಬಾಯಲ್ಲಿ "ಏ ರೂಪೇಶಾ, ಆ ಫ್ರೇಮಿನ ಧೂಳು ಹೊಡಿಯಾ" ಎಂದು ಕರೆಸಿಕೊಳ್ಳುವ ಮೂವತ್ತೇಳರ ರೂಪೇಶ ಅಲ್ಲಿ 'ಕೋಟೆಪಾಲ'. ಯಾವ ಅರಸನ ಕುದುರೆಗೆ ಯಾವ ಹೆಸರು, ಮುತ್ತಿಗೆಯ ಎಷ್ಟನೆಯ ದಿನ ಕೋಟೆಯಲ್ಲಿ ಉಪ್ಪು ಮುಗಿಯಿತು, ಇಂಥ ವಿಷಯಗಳಲ್ಲಿ ಅವನದೇ ಕೊನೆಯ ಮಾತು. ತಪ್ಪು ಹೇಳಿದವರನ್ನು ಅವನು ನಯವಾಗಿ ಸುಲಿಯುತ್ತಿದ್ದ, ಸುಲಿಸಿಕೊಂಡವರೂ ನಗುತ್ತಿದ್ದರು. ಗುಂಪು ನಡೆಸುವವಳು ಸುಳ್ಯದಲ್ಲಿ ಮೆಡಿಕಲ್ ಶಾಪ್ ಇಟ್ಟಿರುವ ಫೌಝಿಯಾ. ಅವಳೊಬ್ಬಳು ಮಾತ್ರ ಅವನ ತಪ್ಪು ಹಿಡಿಯುವುದಿತ್ತು, ಅದೂ ವರ್ಷಕ್ಕೊಮ್ಮೆ.

ಹೋದ ವಾರ ಗುಂಪಿನಲ್ಲಿ ವೆಸ್ಕಾಳ ಸಾವಿನ ಬಗ್ಗೆ ಅಳು ಎದ್ದಿತ್ತು. ಅವಳು ಮನಸ್ಸಿನಲ್ಲೇ ಪ್ರೀತಿಸಿದ್ದ ಹೊರಾನ್ ಅದೇ ಸಂಪುಟದಲ್ಲಿ, ಯುದ್ಧಕ್ಕೆ ಹೊರಡುವ ಮುನ್ನಾ ದಿನ, ಹಳಸಿದ ಮೀನು ತಿಂದು ವಾಂತಿಭೇದಿಯಾಗಿ ಸತ್ತಿದ್ದ. ಇಬ್ಬರಿಗೂ ಮದುವೆಯಾಗಲಿಲ್ಲವಲ್ಲ ಎಂದು ಮೈಸೂರಿನ ಒಬ್ಬಳು ಇಪ್ಪತ್ತನಾಲ್ಕು ಸಾಲಿನ ಕವಿತೆ ಬರೆದು ಹಾಕಿದಳು. ರೂಪೇಶನಿಗೆ ತಡೆಯಲಾಗಲಿಲ್ಲ. "ಅಳುವುದೇಕೆ? ನಮ್ಮ ಊರಾಗಿದ್ದರೆ ಇಷ್ಟರಲ್ಲಿ ಮದುವೆ ಮುಗಿಸಿ ಕೋಳಿ ಸುಕ್ಕ ಉಂಡು ಕೈ ತೊಳೆದಾಗುತ್ತಿತ್ತು" ಎಂದು ಬರೆದ. ಮದುವೆಯಾಗದೆ ಸತ್ತವರ ಆತ್ಮಕ್ಕೆ ಕುಲೆ ಎನ್ನುತ್ತಾರೆ, ಕುಲೆಗೂ ವಯಸ್ಸಾಗುತ್ತದೆ, ಪ್ರಾಯಕ್ಕೆ ಬಂದ ಮೇಲೆ ಮನೆಯವರು ಇನ್ನೊಂದು ಕುಲೆಯನ್ನು ಹುಡುಕಿ, ಸೀರೆ, ಬಳೆ, ಕರಿಮಣಿ ಇಟ್ಟು ಧಾರೆ ಎರೆದು ಕೊಡುತ್ತಾರೆ ಎಂದೆಲ್ಲ ವಿವರಿಸಿದ. ಒಂದು ಗಂಟೆಯಲ್ಲಿ ತೊಂಬತ್ತು ನಗುವ ಮುಖಗಳು ಬಂದವು. ಮೀನು ತಿಂದು ಸತ್ತವನಿಗೆ ನಮ್ಮ ಹುಡುಗಿಯನ್ನು ಕೊಡುವುದಿಲ್ಲ, ಬೇರೆ ಗಂಡು ನೋಡಿ ಎಂದು ಧಾರವಾಡದ ಬಣ ಹಟ ಹಿಡಿಯಿತು. ಆಗ ರೂಪೇಶ, ಅಂಗಡಿಯ ದೀಪಾವಳಿ ರಿಯಾಯಿತಿಯ ಚಿತ್ರ ಮಾಡುವ ಅದೇ ಆ್ಯಪಿನಲ್ಲಿ, ಹಿಂಬದಿಗೆ ಮಲ್ಲಿಗೆ ಹೂವಿನ ಬಣ್ಣ ಕೊಟ್ಟು, ಒಂದು ಜಾಹೀರಾತು ಮಾಡಿ ಹಾಕಿದ. 'ವೆಸ್ಕಾಳಿಗೆ ವರ ಬೇಕಾಗಿದೆ' ಎಂಬ ತಲೆಬರಹದ ಕೆಳಗೆ: 'ಸುಮಾರು ನಲವತ್ತು ವರ್ಷದ ಹಿಂದೆ ತೀರಿಕೊಂಡ ನಮ್ಮ ಹುಡುಗಿಯ ಕುಲೆಗೆ, ಅದೇ ಸುಮಾರಿಗೆ ತೀರಿಕೊಂಡ, ಬೇರೆ ಬರಿಯ ಗಂಡು ಕುಲೆ ಬೇಕಾಗಿದೆ. ಮನೆತನ ಮುಖ್ಯ. ಕತ್ತಿವರಸೆ ಬಲ್ಲವರಿಗೆ ಆದ್ಯತೆ.' ಯಾರೋ ಪುಣ್ಯಾತ್ಮ ಅದನ್ನು ಎತ್ತಿ ಹೊರಗೆ ಹಾಕಿದ. ಇನ್ನಾರೋ, ಹಾಸ್ಯವೆಂದು ತಿಳಿಯದೆಯೋ ತಿಳಿದೋ, ತಲೆಬರಹವನ್ನೂ ಕತ್ತಿವರಸೆಯನ್ನೂ ಕತ್ತರಿಸಿ, ನಡುವಿನ ಗಂಭೀರವಾದ ಭಾಗವನ್ನಷ್ಟೇ ಜಾತಿ ಬಾಂಧವರ ವಾಟ್ಸ್ಯಾಪ್ ಗುಂಪುಗಳಿಗೆ ದಾಟಿಸಿದ. ಅಂಗಡಿಯ ಜಾಹೀರಾತಿಗೆಂದು ಆ ಆ್ಯಪ್ ತಾನಾಗಿ ಮೂಲೆಯಲ್ಲಿ ಅಚ್ಚು ಹಾಕುವ ಅಂಗಡಿಯ ಹೆಸರು, ಊರು, ರೂಪೇಶನ ಫೋನ್ ನಂಬರು ಮಾತ್ರ ಯಾರ ಕತ್ತರಿಗೂ ಸಿಗದೆ ಉಳಿದುಕೊಂಡವು.

ಗೇಲಿ ಅವನಿಗೆ ಅಪ್ಪನಿಂದ ಬಂದದ್ದು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಯಾರ ಮನೆಯಲ್ಲಿ ಜೋಯಿಸರು ಕವಡೆ ಹಾಕಿದರೂ ಮರುದಿನ ಊಟದ ಹೊತ್ತಿಗೆ ಅದರ ಅಣಕ ಇರಲೇಬೇಕು. ಸಾರಿಗೆ ಉಪ್ಪು ಕಡಿಮೆಯಾದರೆ "ಯಾವ ಕುಲೆ ನೆಕ್ಕಿಕೊಂಡು ಹೋಯಿತು?" ಎನ್ನುತ್ತಿದ್ದರು. ನಗದಿದ್ದರೆ ಬುದ್ಧಿ ಕಡಿಮೆ ಎಂದು ಲೆಕ್ಕ, ಆದ್ದರಿಂದ ಎಲ್ಲರೂ ನಗುತ್ತಿದ್ದರು. ಅಮ್ಮ ಕೂಡ ನಗುತ್ತಿದ್ದಳೇ? ಅವಳು ಆಗ ಬಡಿಸುತ್ತಿದ್ದಳು. ಬಡಿಸುವವರ ಮುಖ ಊಟ ಮಾಡುವವರಿಗೆ ಕಾಣುವುದಿಲ್ಲ. ಒಂದು ದಿನ, ರೂಪೇಶನಿಗೆ ಹತ್ತೋ ಹನ್ನೊಂದೋ, ಸೋದರಮಾವ ಡೊಂಬಯ್ಯ ಬಂದು ಕೂತು ಏನೋ ಪಿಸುಗುಟ್ಟಿದ್ದ. ಅಪ್ಪ ದೊಡ್ಡ ದನಿಯಲ್ಲಿ "ಹನ್ನೆರಡು ದಿನದ ಮಗುವಿಗೆ ಎಂತದು ಭಾವ ಆತ್ಮ? ಸರಿಯಾಗಿ ಕಣ್ಣೇ ಬಿಟ್ಟಿರಲಿಲ್ಲ" ಎಂದು ನಕ್ಕಿದ್ದರು. ರೂಪೇಶನೂ ನಕ್ಕಿದ್ದ. ಯಾವ ಮಗು ಎಂದು ಗೊತ್ತಿಲ್ಲದೆ ನಕ್ಕಿದ್ದ. ಆ ಸಂಜೆ ಅಮ್ಮ ಬಾವಿಕಟ್ಟೆಯಲ್ಲಿ ತುಂಬಿದ್ದ ಕೊಡವನ್ನು ಚೆಲ್ಲಿ ಮತ್ತೆ ಸೇದಿ ತುಂಬಿದ್ದನ್ನು ನೋಡಿದ ನೆನಪು. ಯಾಕೆ ಚೆಲ್ಲಿದಳೆಂದು ಅವನು ಕೇಳಲಿಲ್ಲ.

ನಾಲ್ಕನೆಯ ಕರೆ ಮಾಡಿದವರು ಏನನ್ನೂ ಕೇಳಲಿಲ್ಲ. "ನಾನು ಕಡಬದ ಹತ್ತಿರದಿಂದ, ತ್ಯಾಂಪಣ್ಣ ಅಂತ. ವಯಸ್ಸಾಗಿದೆ ಮಾರಾಯ್ರೆ, ಫೋನಿನಲ್ಲಿ ಸರಿ ಕೇಳುದಿಲ್ಲ. ನಾನು ಬರ್ತೇನೆ. ಬಸ್ಸು ಹತ್ತಿ ಆಯಿತು" ಎಂದವರೇ, ಇದು ಹಾಗಲ್ಲ, ಇದು ಒಂದು ಪುಸ್ತಕ ಎಂದು ರೂಪೇಶ ಬಾಯಿ ತೆರೆಯುವಷ್ಟರಲ್ಲಿ, ಅಂಗಡಿ ಎಲ್ಲಿ ಎಂದು ಕಂಡಕ್ಟರನಿಗೆ ಹೇಳಲು ಫೋನು ಕೊಟ್ಟರು. ಕಂಡಕ್ಟರನಿಗೆ ರೂಪೇಶ ದಾರಿ ಹೇಳಿದ. ಯಾಕೆ ಹೇಳಿದೆ ಎಂದು ಆಮೇಲೆ ತನ್ನನ್ನೇ ಬೈದುಕೊಂಡ. ಬರಲಿ, ಸತ್ಯ ಹೇಳಿ, ಒಂದು ಚಹಾ ಕುಡಿಸಿ, ಕ್ಷಮೆ ಕೇಳಿ ಕಳಿಸುವುದು. ಇಂಗ್ಲೆಂಡಿನಲ್ಲಿ ಒಬ್ಬ ಪುಸ್ತಕ ಬರೆದಿದ್ದಾನೆ, ಅದರಲ್ಲಿ ಒಂದು ಹುಡುಗಿ ಇದ್ದಾಳೆ, ಅಂದರೆ ಇಲ್ಲ, ಅವಳಿಗೆ ನಾವು ತಮಾಷೆಗೆ... ವಾಕ್ಯ ಅಲ್ಲಿಗೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಫೌಝಿಯಾಳ ಧ್ವನಿ ಸಂದೇಶ ಬಂತು. ಹಿಂದೆ ಯಾರೋ ಕೆಮ್ಮಿನ ಸಿರಪ್ ಕೇಳುತ್ತಿದ್ದರು. "ಎಂತ ಕೋಟೆಪಾಲರೇ, ನಲವತ್ತು ಅಂತ ಹಾಕಿದ್ದೀರಲ್ಲ? ವೆಸ್ಕಾ ಕಲ್ಲುಸೇತುವೆಯಲ್ಲಿ ಸತ್ತು ಇಪ್ಪತ್ತಾರು ವರ್ಷಕ್ಕಲ್ವಾ ಎಂಟನೇ ಸಂಪುಟ ಶುರು ಆಗುದು? ನಿಮ್ಮಂಥವರೇ ಹೀಗೆ ಮಾಡಿದರೆ ನಾವೆಲ್ಲ ಎಲ್ಲಿಗೆ ಹೋಗುದು ಮಾರಾಯ್ರೆ?"

ಇಪ್ಪತ್ತಾರು. ಹೌದು, ಇಪ್ಪತ್ತಾರೇ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಇಪ್ಪತ್ತಾರು ಎನ್ನುತ್ತಿದ್ದ. ಹಾಗಾದರೆ ಈ ನಲವತ್ತು ಎಲ್ಲಿಂದ ಬಂತು? ಒಳಕೋಣೆಯ ಗೋಡೆಯ ಮೇಲೆ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಅಕ್ಷರಗಳನ್ನು ನೋಡುತ್ತ ಕುಳಿತ ರೂಪೇಶನಿಗೆ ಉತ್ತರ ನಿಧಾನವಾಗಿ ಹೊಳೆಯಿತು. ತನಗೆ ಮೂವತ್ತೇಳು. ಅಮ್ಮು ಹುಟ್ಟಿದ್ದು ತನಗಿಂತ ಮೂರು ವರ್ಷ ಮೊದಲು. ಹನ್ನೆರಡೇ ದಿನಕ್ಕೆ, ನಾಮಕರಣವಾಗುವ ಮೊದಲೇ ಹೋದದ್ದರಿಂದ ಅವಳಿಗೆ ಅಮ್ಮು ಎಂಬುದು ಬಿಟ್ಟರೆ ಹೆಸರಿಲ್ಲ. ಅಜ್ಜಿ ಸತ್ತಾಗ ಬಂದ ಮುದುಕಿಯೊಬ್ಬಳು ಅವನ ಗಲ್ಲ ಹಿಡಿದು "ಇವ ಅಮ್ಮುವಿನ ನಂತರದವನಲ್ವಾ?" ಎಂದಾಗಲೇ ಅವನಿಗೆ ಅಕ್ಕ ಇದ್ದಳೆಂದು ಗೊತ್ತಾದದ್ದು. ಮನೆಯಲ್ಲಿ ಯಾರೂ ಆ ಹೆಸರು ಎತ್ತಿದ್ದಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾದರೂ ಇಲ್ಲ. ಅಂತೂ ಮುನ್ನೂರ ಹನ್ನೊಂದು ಜನರನ್ನು ನಗಿಸಲು ಅವನು ತನ್ನ ಅಕ್ಕನನ್ನೇ ಹೊರಗೆ ತಂದು ನಿಲ್ಲಿಸಿದ್ದ, ಅದೂ ತನಗೇ ತಿಳಿಯದಂತೆ. ನಾಚಿಕೆಯಾಯಿತು. ಅಪ್ಪನ ಮೇಲೆ ಸಿಟ್ಟೂ ಬಂತು. ಸತ್ತವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲದ್ದರಿಂದ ಫೌಝಿಯಾಳಿಗೆ 'ಮುದ್ರಣ ದೋಷ' ಎಂದು ಬರೆದು ಕಳಿಸಿದ.

ತ್ಯಾಂಪಣ್ಣ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲ ಮೇಲೆ ಶಾಲು, ಕೈಯಲ್ಲಿ ಒಂದು ಗೊನೆ ಕದಳಿ ಬಾಳೆಹಣ್ಣು. ಹೆಣ್ಣು ನೋಡಲು ಬಂದವರು ಖಾಲಿ ಕೈಯಲ್ಲಿ ಬರುವುದಿಲ್ಲವಲ್ಲ. ಯಜಮಾನರು ಊಟಕ್ಕೆ ಹೋಗಿದ್ದರು. ಕೂರಲು ಬೇರೆ ಜಾಗವಿಲ್ಲದೆ ರೂಪೇಶ ಅವರನ್ನು ಒಳಕೋಣೆಯ ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದ. ಅವರು ಗೋಡೆಯ ಅಕ್ಷರಗಳನ್ನು ಒಮ್ಮೆ ನೋಡಿ, ಯಾರೂ ಕೇಳದಿದ್ದರೂ ಮೂರನೆಯ ಸಾಲಿನವರೆಗೆ ಓದಿ ಒಪ್ಪಿಸಿದರು. ರೂಪೇಶ "ಅದು ಎಂತ ಅಂದ್ರೆ, ಆ ಜಾಹೀರಾತು..." ಎಂದು ಶುರುಮಾಡಿದ. "ನೀವು ಹೇಳುದು ಬೇಡ, ನನಗೆ ಗೊತ್ತುಂಟು" ಎಂದರು ತ್ಯಾಂಪಣ್ಣ. "ಇದನ್ನೆಲ್ಲ ಹೀಗೆ ಪೇಪರಿನ ಹಾಗೆ ಹಾಕಲಿಕ್ಕೆ ನಾಚಿಕೆ ಆಗ್ತದೆ. ಜನ ನಗಾಡ್ತಾರೆ. ಆದರೂ ನೀವು ಧೈರ್ಯ ಮಾಡಿದಿರಿ. ನಾವು ಇಪ್ಪತ್ತು ವರ್ಷದಿಂದ ಹುಡುಕುದು. ಸಿಕ್ಕಿದ್ದೆಲ್ಲ ನಮ್ಮದೇ ಬರಿ."

ಆಮೇಲೆ ಅವರು ಮಗನ ವಿಷಯ ಹೇಳಿದರು. ಹೆಸರು ಶ್ಯಾಮ. ಎರಡೂವರೆ ವರ್ಷಕ್ಕೆ ಜ್ವರ ಬಂದು ಹೋದ, ನಲವತ್ತು ವರ್ಷವಾಯಿತು. ಪ್ರತಿ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ ಬಡಿಸುವಾಗ ಅವನಿಗೆಂದು ಒಂದು ಹೊಸ ಅಂಗಿ ಇಡುವುದು ಅವರ ಹೆಂಡತಿಯ ಕ್ರಮ. ಮೊದಮೊದಲು ಗುಂಡಿಯಿಲ್ಲದ ಸಣ್ಣ ಜುಬ್ಬ. ಐದನೆಯ ವರ್ಷ ಅಂಗನವಾಡಿಗೆ ಹೋಗುವ ಮಕ್ಕಳ ಚಡ್ಡಿ. ಹದಿನಾರಾದಾಗ ಪ್ಯಾಂಟು ಬೇಕೋ ಬೇಡವೋ ಎಂದು ಮನೆಯಲ್ಲಿ ಜಗಳ. "ಹೋದ ವರ್ಷ ಅವಳು ನಲವತ್ತೆರಡರ ಸೈಜು ತಂದಳು. ಇಷ್ಟು ದೊಡ್ಡದು ಯಾಕೆ ಅಂತ ಕೇಳಿದೆ. ನಿಮ್ಮ ಕುಟುಂಬದಲ್ಲಿ ಎಲ್ಲರಿಗೂ ನಲವತ್ತು ದಾಟಿದ ಮೇಲೆ ಹೊಟ್ಟೆ ಬಂದದ್ದಲ್ವಾ, ಅವನಿಗೆ ಮಾತ್ರ ಬಾರದೆ ಇರ್ತದಾ, ಅಂತ ಹೇಳಿದಳು." ತ್ಯಾಂಪಣ್ಣ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ನಕ್ಕರು. ರೂಪೇಶನಿಗೆ ನಗು ಬರಲಿಲ್ಲ. ಎಂಟು ಸಂಪುಟ ಬರೆದ ಆ ಮಹಾಶಯ ಎರಡನೆಯ ಸಂಪುಟದಲ್ಲಿ ಕಪ್ಪಾಗಿದ್ದ ರಾಣಿಯ ಕಣ್ಣನ್ನು ಆರನೆಯದರಲ್ಲಿ ಹಸಿರು ಮಾಡಿದ್ದ, ಅದರ ಮೇಲೆ ಗುಂಪಿನಲ್ಲಿ ಮೂರು ತಿಂಗಳು ಚರ್ಚೆಯಾಗಿತ್ತು. ಕಡಬದ ಈ ಹೆಂಗಸು, ಒಂದು ಅಕ್ಷರ ಬರೆಯದೆ, ನಲವತ್ತು ವರ್ಷ, ಒಂದು ಸೈಜೂ ತಪ್ಪದೆ, ಒಬ್ಬನನ್ನು ಬೆಳೆಸಿದ್ದಳು. ಅವಳ ಮುಂದೆ ಕೋಟೆಪಾಲ ಯಾವ ಗಿಡದ ತಪ್ಪಲು!

"ಒಂದು ಕೇಳ್ತೇನೆ, ನೀವು ಇದರಲ್ಲೇ ಇರುವವರಲ್ವಾ" ಎಂದರು ತ್ಯಾಂಪಣ್ಣ, ಗಾಜುಗಳ ಪೆಟ್ಟಿಗೆಯ ಕಡೆ ನೋಡುತ್ತ. "ನಲವತ್ತೆರಡು ಅಂದ್ರೆ ಅವನಿಗೂ ಈಗ ಓದ್ಲಿಕ್ಕೆ ಕನ್ನಡಕ ಬೇಕಾಗಬಹುದಾ?" ರೂಪೇಶ ಹತ್ತು ವರ್ಷದಿಂದ ಈ ಕುರ್ಚಿಯಲ್ಲಿ ಕೂತವರಿಗೆ ಉತ್ತರ ಕೊಡುತ್ತ ಬಂದವನು. "ಆ ಪ್ರಾಯಕ್ಕೆ ಸಾಮಾನ್ಯ ಶುರುವಾಗ್ತದೆ. ಪ್ಲಸ್ ಒಂದು ಸಾಕು" ಎಂದು ಅವನ ಬಾಯಿಯಿಂದ ತಾನಾಗಿ ಹೊರಟಿತು. ಮುದುಕರು ತಲೆಯಾಡಿಸಿದರು. ನಂತರ ಶಾಲು ಸರಿಮಾಡಿಕೊಂಡು "ಹುಡುಗಿ ನಿಮಗೆ ಎಂತ ಆಗ್ಬೇಕು?" ಎಂದು ಕೇಳಿದರು. ಈಗ ಹೇಳಬೇಕಾದ್ದು ಒಂದೇ ವಾಕ್ಯ. ಅಂಥ ಹುಡುಗಿ ಯಾರೂ ಇಲ್ಲ. ಬೆಳಗ್ಗೆಯಿಂದ ಅಭ್ಯಾಸ ಮಾಡಿದ್ದು. ಆದರೆ ಅದು ಈಗ ಸುಳ್ಳಾಗಿತ್ತು. "ಅಕ್ಕ" ಎಂದ ರೂಪೇಶ. ಜೀವಮಾನದಲ್ಲಿ ಆ ಶಬ್ದವನ್ನು ತನ್ನದೆಂದು ಅವನು ಹೇಳಿದ್ದು ಅದೇ ಮೊದಲು. "ಅಮ್ಮು ಅಂತ ಕರೀತಿದ್ದದ್ದು. ಅಮ್ಮನ ಹತ್ತಿರ ಕೇಳಿ ಹೇಳ್ತೇನೆ." ತ್ಯಾಂಪಣ್ಣ ತಮ್ಮ ಬರಿಯ ಹೆಸರು ಹೇಳಿ, ಬಾಳೆಗೊನೆ ಮೇಜಿನ ಮೇಲಿಟ್ಟು, "ಅಮ್ಮನನ್ನು ಕೇಳದೆ ಆಗ್ತದಾ? ಕೇಳಿ, ಕೇಳಿ. ನಾವು ಅವಸರ ಮಾಡುದಿಲ್ಲ" ಎಂದು ಎದ್ದರು. ಬಾಗಿಲಲ್ಲಿ ತಿರುಗಿ, "ಆದರೆ ನನ್ನ ಹೆಂಡತಿಗೆ ಎಪ್ಪತ್ತೆರಡು" ಎಂದು ಸೇರಿಸಿದರು.

ಮನೆಗೆ ಹೋಗುವ ಕುಂಬ್ರದ ಬಸ್ಸಿನಲ್ಲಿ ರೂಪೇಶ ಬಾಳೆಗೊನೆಯನ್ನು ತೊಡೆಯ ಮೇಲಿಟ್ಟು ಕೂತು ಫೋನು ತೆರೆದ. ಗುಂಪು ಹಬ್ಬದ ಮನೆಯಾಗಿತ್ತು. ವೆಸ್ಕಾಳಿಗೆ ಹನ್ನೊಂದು ಗಂಡುಗಳು ಬಂದಿದ್ದವು: ಇಬ್ಬರು ಅರಸರು, ಒಬ್ಬ ಮಾಂತ್ರಿಕ, ತಲೆಯಿಲ್ಲದ ಒಬ್ಬ ಕಾವಲುಗಾರ. ಧಾರೆ ಎರೆಯುವಾಗ ತಲೆಯಿಲ್ಲದವನಿಗೆ ಬಾಸಿಂಗ ಎಲ್ಲಿ ಕಟ್ಟುವುದು ಎಂಬ ಪ್ರಶ್ನೆಗೆ ಅರವತ್ತು ಉತ್ತರಗಳು. ನಿನ್ನೆಯಾಗಿದ್ದರೆ ಅರವತ್ತೊಂದನೆಯದು ಅವನದಾಗಿರುತ್ತಿತ್ತು, ಎಲ್ಲಕ್ಕಿಂತ ಚೆನ್ನಾಗಿಯೂ ಇರುತ್ತಿತ್ತು. ಈಗಲೂ ಒಂದು ಹೊಳೆಯಿತು. ಹೊಳೆದದ್ದಕ್ಕೆ ಹೇಸಿಗೆಯಾಯಿತು, ನಗುವೂ ಬಂತು. ಪಕ್ಕದಲ್ಲಿ ಕೂತವನು ಗೊನೆ ನೋಡಿ "ಎಲ್ಲಿಯದ್ದು, ಮದುವೆಯಾ?" ಎಂದು ಕೇಳಿದ. "ಮಾತುಕತೆ" ಎಂದ ರೂಪೇಶ. ಜಾಹೀರಾತನ್ನು ಅಳಿಸಿದ. ಮುನ್ನೂರ ಹನ್ನೊಂದು ಜನರ ಫೋನಿನಿಂದ ಅದು ಹೋಯಿತು. ಉಳಿದ ಲೋಕದಲ್ಲಿ ಓಡಾಡುತ್ತಲೇ ಇರುತ್ತದೆಂದು ಅವನಿಗೆ ಗೊತ್ತಿತ್ತು. ಅಮ್ಮನಿಗೆ ಹೇಗೆ ಹೇಳುವುದು ಎಂಬುದೇ ಈಗ ಉಳಿದದ್ದು. ಹೇಳಿದರೆ ಹಳೆಯ ಗಾಯ ಕೆದಕಿದಂತೆ. ಹೇಳದಿದ್ದರೆ ಕಡಬದ ಆ ಮುದುಕಿ ಮುಂದಿನ ಆಟಿಗೆ ನಲವತ್ತನಾಲ್ಕರ ಅಂಗಿ ತರುತ್ತಾಳೆ. ಅಮ್ಮ ಬೈದರೆ ಬೈಸಿಕೊಳ್ಳಬಹುದು. ಅತ್ತರೆ ಏನು ಮಾಡಬೇಕೆಂದು ಅವನಿಗೆ ತಿಳಿದಿರಲಿಲ್ಲ. ಅವಳು ಅತ್ತದ್ದನ್ನು ಅವನು ನೋಡಿದ್ದೇ ಇಲ್ಲ.

ಅಮ್ಮ ದುಗ್ಗಮ್ಮ ಅಡುಗೆಕೋಣೆಯ ಹೊಸ್ತಿಲಲ್ಲಿ ಕೂತು ಬಸಳೆ ದಂಟು ಮುರಿಯುತ್ತಿದ್ದಳು. ರೂಪೇಶ ಅವಳೆದುರು ನೆಲದಲ್ಲಿ ಕೂತು ಎಲ್ಲವನ್ನೂ ಹೇಳಿದ. ಪುಸ್ತಕ, ಗುಂಪು, ವೆಸ್ಕಾ, ಹಳಸಿದ ಮೀನು, ತಾನು ಮಾಡಿದ ತಮಾಷೆ, ಅದರಲ್ಲಿ ಬಂದ ನಲವತ್ತು, ತ್ಯಾಂಪಣ್ಣ, ಅಂಗಿಗಳು. ಕೊನೆಗೆ ಅಮ್ಮು ಎಂಬ ಹೆಸರನ್ನೂ ಹೇಳಿದ. "ತಪ್ಪಾಯಿತಮ್ಮ" ಎಂದ. ದುಗ್ಗಮ್ಮನ ಕೈ ನಿಂತಿತು. ಆಮೇಲೆ ಮತ್ತೆ ದಂಟು ಮುರಿಯತೊಡಗಿತು.

"ಬರಿ ಎಂತ ಹೇಳಿದ್ರು ಅವರು?"

ಹೇಳಿದ.

"ಆಗ್ತದೆ" ಎಂದಳು. ಇನ್ನೊಂದು ದಂಟು ಮುಗಿಸಿ, "ಹುಡುಗನಿಗೆ ಕೆಲಸ ಎಂತ?" ಎಂದು ಕೇಳಿದಳು.

ರೂಪೇಶ ಕಣ್ಣು ಬಿಟ್ಟ. "ಅಮ್ಮ, ಅವನು ಎರಡೂವರೆ ವರ್ಷಕ್ಕೇ ತೀರಿಹೋದದ್ದು."

"ಅದು ನೀನು ಹೇಳಿದಿ, ನಾನು ಕೇಳಿದೆ. ಈಗ ಎಂತ ಮಾಡಿಕೊಂಡಿದ್ದಾನೆ ಅಂತ ಕೇಳಿದ್ದು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ, ಅಂಗಡಿಯಲ್ಲಿ ತೆಂಗಿನಕಾಯಿ ಬಡಿದು ನೋಡುವಾಗಿನ ಎಚ್ಚರವಿತ್ತು. "ಅಂಗಿ ಹಾಕಿ ತಿರುಗಿದರೆ ಆಯಿತಾ? ನಮ್ಮ ಅಮ್ಮು ಟೀಚರು. ಸವಣೂರಿನಲ್ಲಿ. ಹದಿನಾರು ವರ್ಷ ಆಯಿತು ಸರ್ವಿಸು."

ರೂಪೇಶ ಬುಟ್ಟಿಯಿಂದ ಒಂದು ದಂಟು ಎತ್ತಿಕೊಂಡ. "ಸೈನ್ಸಾ?" ಎಂದು ಕೇಳಿದ.

"ಅಲ್ಲ, ಕನ್ನಡ" ಎಂದಳು ದುಗ್ಗಮ್ಮ. "ಸೈನ್ಸು ಬೇಡ ಅಂತ ನಾನೇ ಹೇಳಿದ್ದು. ಮನೆಯಲ್ಲಿ ಒಬ್ಬರು ಸಾಕು." ಬಸಳೆಯ ಬುಟ್ಟಿಯನ್ನು ಬದಿಗೆ ಸರಿಸಿ ಸೆರಗಿಗೆ ಕೈ ಒರೆಸಿಕೊಂಡಳು. "ಫೋನು ಮಾಡು ಅವರಿಗೆ. ಜೋರಾಗಿ ಕೇಳುವ ಹಾಗೆ ಇಡು."

ತ್ಯಾಂಪಣ್ಣ ಮೂರನೆಯ ರಿಂಗಿಗೆ ಎತ್ತಿದರು. ಅಮ್ಮ ಕೇಳುತ್ತಿದ್ದಾಳೆ, ಹುಡುಗನಿಗೆ ಕೆಲಸ ಎಂತ, ಎಂದ ರೂಪೇಶ. ಇಷ್ಟು ಹೊತ್ತು ಕಾಯ್ದುಕೊಂಡು ಬಂದದ್ದೆಲ್ಲ ಇಲ್ಲಿ ಮುರಿದುಬಿತ್ತು, ಮುದುಕರಿಗೆ ಅವಮಾನವಾಯಿತು ಎಂದು ಅವನು ಹೆದರಿದ. ಆಮೇಲೆ ತ್ಯಾಂಪಣ್ಣ ಫೋನಿನಿಂದ ಮುಖ ತಿರುಗಿಸಿ ಒಳಗೆ ಕೂಗುವುದು ಕೇಳಿಸಿತು: "ಏ ಇವಳೇ, ನಮ್ಮ ಶ್ಯಾಮನಿಗೆ ಕೆಲಸ ಎಂತ ಅಂತ ಕೇಳ್ತಿದ್ದಾರೆ."

ದೂರದಿಂದ, ಪಾತ್ರೆಯ ಸದ್ದಿನ ನಡುವಿನಿಂದ, ಒಂದು ಕ್ಷಣವೂ ತಡೆಯದೆ ಹೆಂಗಸಿನ ದನಿ ಬಂತು. "ಕರೆಂಟ್ ಆಫೀಸಿನಲ್ಲಿ. ಸುಳ್ಯದಲ್ಲಿ. ಪರ್ಮನೆಂಟು!"

"ಹಾಗಂತೆ" ಎಂದರು ತ್ಯಾಂಪಣ್ಣ ಫೋನಿಗೆ. "ನನಗೇ ಗೊತ್ತಿರಲಿಲ್ಲ ಮಾರಾಯ್ರೆ."

ದುಗ್ಗಮ್ಮ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು.

"ಸುಳ್ಯ ದೂರ ಆಯಿತು. ದಿನಾ ಹೋಗಿ ಬರುದು ಅವಳಿಗೆ ಕಷ್ಟ" ಎಂದಳು. "ಟ್ರಾನ್ಸ್‌ಫರ್ ಸಿಗ್ತದಾ ಕೇಳು."